ಮುಳ್ಳುತಂತಿಯ ಬೇಲಿ ಮತ್ತು ಜನರಲ್ ತಿಮ್ಮಯ್ಯ

ಭಾರತೀಯ ಸೇನೆಯ ಪೊಲೀಸ್ ದಳಕ್ಕೆ ತರಬೇತಿ ನೀಡುವ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲಿ. ಸೇನೆಯ ಮಹಿಳಾ ಪೊಲೀಸರ ಮೊದಲ ತಂಡ 2021ರ ಮೇ ತಿಂಗಳಲ್ಲಿ ಹೊರಬಂದದ್ದು ಇಲ್ಲಿಂದಲೇ. ಕೆಂಪು ಟೋಪಿಯ ಈ ಪೊಲೀಸರ ಕೆಲಸ ಸೈನಿಕರಲ್ಲಿ ಶಿಸ್ತು ಕಾಯುವುದು, ದಂಡು ಸಾಗುವ ದಾರಿಯನ್ನು ನಿಯಂತ್ರಿಸುವುದು, ಯುದ್ಧಕೈದಿಗಳ ಉಸ್ತುವಾರಿ ನೋಡುವುದು. ತಪ್ಪಿದವರನ್ನು ಹಿಡಿಯಲೆಂದೇ ಹುಟ್ಟಿದ ಈ ದಳ ತನ್ನ ಧ್ಯೇಯವಾಕ್ಯವಾಗಿ ಆರಿಸಿಕೊಂಡಿರುವುದು ಮಾತ್ರ ಸೇವೆ ಮತ್ತು ಸಹಾಯ ಎಂಬರ್ಥದ ಪದಗಳನ್ನು. ಇದನ್ನು ಮೊದಲ ಸಲ ತಿಳಿದಾಗ ನನಗೆ ಸ್ವಲ್ಪ ನಗು ಬಂದಿತ್ತು. ನಮ್ಮ ಠಾಣೆಗಳ ಗೋಡೆಯ ಮೇಲೆ ಬರೆಸುವ ಜನಸ್ನೇಹಿ ಎಂಬ ಪದದಂತೆಯೇ ಇದೂ ಒಂದು ಇರಬೇಕು ಎಂದುಕೊಂಡೆ. ಸರ್ಕಾರಿ ಸೇವೆಯಲ್ಲಿ ಮೂರು ದಶಕ ಕಳೆದವನಿಗೆ ಗೋಡೆಬರಹಗಳ ಬಗ್ಗೆ ಇಷ್ಟು ಸಂದೇಹ ಸಹಜ.

ಆದರೆ ಈ ಎರಡು ಕರ್ತವ್ಯಗಳು, ಎಂದರೆ ಕಾಯುವುದು ಮತ್ತು ಕಾಯಲ್ಪಟ್ಟವರಿಗೆ ನೆರವಾಗುವುದು, ಒಂದೇ ಕೈಯಲ್ಲಿ ಇರಬಲ್ಲವೇ ಎಂಬ ಪ್ರಶ್ನೆ ನಗುವಿನದಲ್ಲ. ಅದನ್ನು ಪೂರ್ತಿಯಾಗಿ ಎದುರಿಸಿದ ಕನ್ನಡ ನಾಡಿನ ವ್ಯಕ್ತಿಯೊಬ್ಬರಿದ್ದರು. ಅವರು ಸೇನಾ ಪೊಲೀಸ್ ದಳದವರಲ್ಲ, ಕಾಲಾಳು ಪಡೆಯ ಯೋಧರು. ಆದರೂ ವಿಧಿ ಅವರನ್ನು ಮತ್ತೆ ಮತ್ತೆ ತಂದು ನಿಲ್ಲಿಸಿದ್ದು ಪೊಲೀಸನ ಜಾಗದಲ್ಲಿ. ಅವರೇ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

ಜನರಲ್ ತಿಮ್ಮಯ್ಯ ಎಂದೊಡನೆ ನಮ್ಮವರ ನೆನಪಿಗೆ ಬರುವುದು ಎರಡು ಸಂಗತಿಗಳು. ಒಂದು, 1948ರ ನವೆಂಬರ್ 1ರಂದು ಜೋಜಿ ಲಾ ಕಣಿವೆದಾರಿಗೆ ಟ್ಯಾಂಕ್‌ಗಳನ್ನು ಹತ್ತಿಸಿ ಶತ್ರುವನ್ನು ಬೆಚ್ಚಿಬೀಳಿಸಿದ್ದು. ಇನ್ನೊಂದು, 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಡನೆ ಮನಸ್ತಾಪವಾಗಿ ಸೇನಾ ಮುಖ್ಯಸ್ಥನ ಹುದ್ದೆಗೆ ರಾಜೀನಾಮೆ ಕೊಟ್ಟು, ಪ್ರಧಾನಿ ನೆಹರೂ ಅವರ ಮಾತಿಗೆ ಕಟ್ಟುಬಿದ್ದು ಹಿಂತೆಗೆದುಕೊಂಡದ್ದು. ಎರಡೂ ದೊಡ್ಡವೇ. ಅವುಗಳ ಬಗ್ಗೆ ಸಾಕಷ್ಟು ಬರೆಯಲಾಗಿದೆ. ನನಗೆ ಅವರ ಬದುಕಿನ ಸತ್ವ ಕಾಣುವುದು ಅವೆರಡರ ನಡುವೆ, 1953-54ರಲ್ಲಿ ಕೊರಿಯಾದಲ್ಲಿ ಕಳೆದ ಕೆಲವೇ ತಿಂಗಳುಗಳಲ್ಲಿ.

ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್‌ನಲ್ಲಿ, ಮಡಿಕೇರಿಯಲ್ಲಿ. ಅನುಕೂಲಸ್ಥ ಕಾಫಿ ಬೆಳೆಗಾರರ ಮನೆತನ. ತಾಯಿ ಸೀತಮ್ಮನವರು ಸಮಾಜಸೇವೆಗಾಗಿ ಕೈಸರ್-ಎ-ಹಿಂದ್ ಪದಕ ಪಡೆದವರು. ಕೂನೂರು, ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಡೆಹ್ರಾಡೂನಿನ ಸೈನಿಕ ಕಾಲೇಜು, ಕಡೆಗೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಹೀಗೆ ಶಿಕ್ಷಣ ಮುಗಿಸಿ 1926ರಲ್ಲಿ ಅಧಿಕಾರಿಯಾದರು. ಪರಕೀಯರ ಸೇನೆಯಲ್ಲಿ ದುಡಿಯುವುದು ಸರಿಯೇ ಎಂಬ ಅಳುಕು ಆ ಪೀಳಿಗೆಯ ಎಲ್ಲ ಭಾರತೀಯ ಅಧಿಕಾರಿಗಳಂತೆ ಅವರನ್ನೂ ಕಾಡಿತ್ತು. ಬಿಡದೆ ಉಳಿದರು. 1935ರ ಮೇ 31ರ ಮುಂಜಾವಿನಲ್ಲಿ ಕ್ವೆಟ್ಟಾ ನಗರ ಭೂಕಂಪಕ್ಕೆ ನೆಲಸಮವಾದಾಗ ಹೊಸದಾಗಿ ಮದುವೆಯಾಗಿದ್ದ ತಿಮ್ಮಯ್ಯ ದಂಪತಿ ಅಲ್ಲೇ ಇದ್ದರು. ಪರಿಹಾರ ಕಾರ್ಯದಲ್ಲಿ ಪತ್ನಿ ನೀನಾ ಅವರು ತೋರಿದ ಶ್ರದ್ಧೆಗೆ ಅತ್ತೆಗೆ ಸಂದ ಪದಕವೇ ಸೊಸೆಗೂ ಸಂದಿತು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್ ರಂಗದಲ್ಲಿ ಕಾದಾಡಿದರು. ಯುದ್ಧಭೂಮಿಯಲ್ಲಿ ಬ್ರಿಗೇಡ್ ಒಂದನ್ನು ಮುನ್ನಡೆಸಿದ ಏಕೈಕ ಭಾರತೀಯರಾದರು. ಬಳಿಕ ಸೋತ ಜಪಾನಿನಲ್ಲಿ ಭಾರತೀಯ ಬ್ರಿಗೇಡಿನ ನಾಯಕತ್ವ. ಗೆದ್ದವರು ಸೋತವರ ಬೀದಿಗಳಲ್ಲಿ ಪಹರೆ ತಿರುಗುವ ಕೆಲಸ ಅದು. ಸ್ಥಳೀಯರೊಡನೆ ಬೆರೆಯಬಾರದು ಎಂಬ ಕಟ್ಟುನಿಟ್ಟಿನ ಆಜ್ಞೆಯಿದ್ದ ಸೇನೆಯೊಳಗೆ ಇದ್ದುಕೊಂಡು ಅವರು ಪರದೇಶದ ನಾಗರಿಕರನ್ನು ಆಳುವ ಸೈನಿಕನ ಕಷ್ಟವನ್ನು ಮೊದಲು ಕಂಡರು.

ಅದಕ್ಕಿಂತ ಕಠಿಣವಾದದ್ದು ಸ್ವದೇಶದಲ್ಲೇ ಕಾದಿತ್ತು. 1947ರ ಆಗಸ್ಟ್ 1ರಂದು ಅಸ್ತಿತ್ವಕ್ಕೆ ಬಂದ ಪಂಜಾಬ್ ಗಡಿ ಪಡೆಗೆ ಹನ್ನೆರಡು ಜಿಲ್ಲೆಗಳ ಶಾಂತಿಪಾಲನೆ ವಹಿಸಲಾಯಿತು. ಅದರ ಮುಖ್ಯಸ್ಥ ಮೇಜರ್ ಜನರಲ್ ರೀಸ್ ಅವರಿಗೆ ಭಾರತದ ಪರ ಸಲಹೆಗಾರರಾಗಿದ್ದವರಲ್ಲಿ ತಿಮ್ಮಯ್ಯ ಒಬ್ಬರು. ಪಾಕಿಸ್ತಾನದ ಪರ ಇದ್ದವರಲ್ಲಿ ಒಬ್ಬರು ಮುಂದೆ ಅಧ್ಯಕ್ಷರಾದ ಅಯೂಬ್ ಖಾನ್. ಒಂದೇ ತಿಂಗಳಿಗೆ ಆ ಪಡೆ ವಿಸರ್ಜನೆಯಾಯಿತು. ನಂತರ ಪೂರ್ವ ಪಂಜಾಬಿನಲ್ಲಿ ಪಡೆಗಳ ಹೊಣೆ ಹೊತ್ತ ತಿಮ್ಮಯ್ಯ ನಿರಾಶ್ರಿತರ ಸಾಲುಗಳನ್ನು ಗಡಿ ದಾಟಿಸಬೇಕಾಯಿತು. ಮೈಲಿಗಟ್ಟಲೆ ಉದ್ದದ ಆ ಸಾಲುಗಳಲ್ಲಿ ಎತ್ತಿನಗಾಡಿ, ಮುದುಕರು, ಬಸುರಿಯರು. ಅವರಿಗೆ ಕೊಲೆಗಡುಕರಿಂದ ರಕ್ಷಣೆ ಬೇಕು, ಹಾಗೆಯೇ ನೀರೂ ಬೇಕು. ಸೈನಿಕನ ಬಳಿ ಇರುವುದು ಎರಡೇ ಕೈ. ಬಂದೂಕು ಹಿಡಿದರೆ ನೀರಿನ ಪಾತ್ರೆ ಹಿಡಿಯಲಾಗದು. ಆಡಳಿತ ನಡೆಸಿದ ಯಾರಿಗಾದರೂ ಈ ಲೆಕ್ಕ ಅರ್ಥವಾಗುತ್ತದೆ. ಅರ್ಥಶಾಸ್ತ್ರದ ಮೊದಲ ಪಾಠವೂ ಅದೇ ತಾನೆ, ಸೀಮಿತ ಸಾಧನ, ಮಿತಿಯಿಲ್ಲದ ಬೇಡಿಕೆ.

ಇನ್ನು ಕೊರಿಯಾದ ವಿಷಯ. ಮೂರು ವರ್ಷಗಳ ಯುದ್ಧದ ಬಳಿಕ 1953ರ ಜುಲೈ 27ರಂದು ಕದನವಿರಾಮಕ್ಕೆ ಸಹಿ ಬಿತ್ತು. ಆ ಸಹಿ ಅಷ್ಟು ತಡವಾಗಿದ್ದಕ್ಕೆ ಮುಖ್ಯ ಕಾರಣ ಕೈದಿಗಳು. ಅಮೆರಿಕ ನೇತೃತ್ವದ ವಿಶ್ವಸಂಸ್ಥೆಯ ಪಡೆಗಳ ಕೈಗೆ ಸಿಕ್ಕಿದ್ದ ಚೀನೀ ಮತ್ತು ಉತ್ತರ ಕೊರಿಯಾದ ಸೈನಿಕರಲ್ಲಿ ಸಾವಿರಾರು ಮಂದಿ ತಾವು ಊರಿಗೆ ಮರಳುವುದಿಲ್ಲ ಎನ್ನುತ್ತಿದ್ದರು. ಅವರೆಲ್ಲರನ್ನೂ ಒಪ್ಪಿಸಲೇಬೇಕೆಂದು ಕಮ್ಯುನಿಸ್ಟ್ ಪಕ್ಷದ ಹಟ, ಒಲ್ಲದವರನ್ನು ಒಪ್ಪಿಸುವುದಿಲ್ಲವೆಂದು ಅಮೆರಿಕದ ಹಟ. ಕಡೆಗೆ ಕಂಡುಕೊಂಡ ದಾರಿಯೆಂದರೆ ತಟಸ್ಥ ರಾಷ್ಟ್ರಗಳ ವಾಪಸಾತಿ ಆಯೋಗ. ಸ್ವೀಡನ್, ಸ್ವಿಟ್ಜರ್‌ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಮತ್ತು ಭಾರತ ಸದಸ್ಯ ರಾಷ್ಟ್ರಗಳು. ಮೊದಲೆರಡು ಒಂದು ಕಡೆಗೆ ವಾಲಿದರೆ ನಂತರದವೆರಡು ಇನ್ನೊಂದು ಕಡೆಗೆ ವಾಲುವುದು ನಿಶ್ಚಿತ. ತಕ್ಕಡಿಯ ಮುಳ್ಳು ಭಾರತದ ಕೈಯಲ್ಲಿ. ಅಧ್ಯಕ್ಷರಾಗಿ ಲೆಫ್ಟಿನೆಂಟ್ ಜನರಲ್ ತಿಮ್ಮಯ್ಯ ಹೋದರು. ಕೈದಿಗಳನ್ನು ಕಾಯಲು ಮೇಜರ್ ಜನರಲ್ ಥೋರಾತ್ ಅವರ ನೇತೃತ್ವದಲ್ಲಿ ಭಾರತೀಯ ಪಡೆ ಹೋಯಿತು. ಕಾವಲಿಗೆ ಭಾರತದವರಲ್ಲದೆ ಬೇರೆ ಯಾರೂ ಇರಲಿಲ್ಲ.

ಸ್ವಾಗತ ಹೇಗಿತ್ತೆಂದರೆ, ಭಾರತೀಯರು ತಮ್ಮ ನೆಲದ ಮೇಲೆ ಕಾಲಿಡಕೂಡದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಪಟ್ಟುಹಿಡಿದರು. ಹಾಗಾಗಿ ಇಂಚಾನ್ ಬಂದರಿಗೆ ಬಂದ ನಮ್ಮ ಸೈನಿಕರನ್ನು ಹಡಗಿನಿಂದಲೇ ಹೆಲಿಕಾಪ್ಟರುಗಳಲ್ಲಿ ಎತ್ತಿ ಸೇನಾರಹಿತ ವಲಯದಲ್ಲಿ ಇಳಿಸಬೇಕಾಯಿತು. ಪಾನ್‌ಮುನ್‌ಜೋಮ್ ಬಳಿಯ ಆ ಬಯಲಿನಲ್ಲಿ ನಮ್ಮವರು ಡೇರೆ ಹಾಕಿ ಅದಕ್ಕೆ ಹಿಂದ್ ನಗರ ಎಂದು ಹೆಸರಿಟ್ಟರು. ದಕ್ಷಿಣದ ಪಕ್ಷದಿಂದ ಅವರ ವಶಕ್ಕೆ ಬಂದವರು 22,604 ಕೈದಿಗಳು. ಅವರಲ್ಲಿ 14,704 ಮಂದಿ ಚೀನೀಯರು. ಉತ್ತರದ ಪಕ್ಷದಿಂದ ಬಂದವರು 359. ಇವರಲ್ಲಿ ತಾಯ್ನಾಡಿಗೆ ಮರಳಲೊಲ್ಲದ 23 ಅಮೆರಿಕನ್ನರೂ ಒಬ್ಬ ಬ್ರಿಟಿಷನೂ ಇದ್ದರು.

ಈಗ ಆ ಕೆಲಸದ ಸ್ವರೂಪವನ್ನು ನೋಡಿ. ಪ್ರತಿಯೊಬ್ಬ ಕೈದಿಗೂ ಅವನ ತಾಯ್ನಾಡಿನ ಪ್ರತಿನಿಧಿಗಳು ಊರಿಗೆ ಮರಳುವ ಹಕ್ಕನ್ನು ವಿವರಿಸಬೇಕು. ಅದಕ್ಕೆ 90 ದಿನಗಳ ಅವಧಿ. ಡೇರೆಯೊಳಗೆ ಮೇಜಿನ ಆಚೆ ವಿವರಿಸುವವರು, ಪಕ್ಕದಲ್ಲಿ ಐದು ರಾಷ್ಟ್ರಗಳ ಪ್ರತಿನಿಧಿಗಳು, ಈಚೆ ಕೈದಿ. ಹೊರಹೋಗಲು ಎರಡು ಬಾಗಿಲು. ಒಂದರಿಂದ ಹೋದರೆ ಊರು, ಇನ್ನೊಂದರಿಂದ ಹೋದರೆ ಮತ್ತೆ ಶಿಬಿರ. ಯಾವ ಬಾಗಿಲೆಂಬುದನ್ನು ಅವನೇ ಆರಿಸಬೇಕು. ಅವನ ಮೇಲೆ ಬಲಪ್ರಯೋಗವಾಗಲಿ ಬೆದರಿಕೆಯಾಗಲಿ ಸಲ್ಲದೆಂದು ಒಪ್ಪಂದ ಸ್ಪಷ್ಟವಾಗಿ ಹೇಳಿತ್ತು. ಸರ್ಕಾರಿ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಅಹವಾಲು ಆಲಿಸುವ ವ್ಯವಸ್ಥೆ. ವ್ಯತ್ಯಾಸವೆಂದರೆ ಅಹವಾಲು ಹೇಳಬೇಕಾದವರು ಮುಳ್ಳುತಂತಿಯ ಹಿಂದಿದ್ದರು, ಅವರಲ್ಲಿ ಹೆಚ್ಚಿನವರಿಗೆ ಆ ಡೇರೆಗೆ ಬರುವುದೇ ಬೇಡವಾಗಿತ್ತು.

ಬೇಡವಾಗಿತ್ತೇ, ಬೇಡವೆಂದು ಹೇಳಿಸಲಾಗುತ್ತಿತ್ತೇ? ತಿಮ್ಮಯ್ಯನವರನ್ನು ಕಾಡಿದ ಪ್ರಶ್ನೆ ಇದೇ. ಸುಮಾರು ಐನೂರು ಮಂದಿಯಂತೆ ಕೈದಿಗಳನ್ನು ಆವರಣಗಳಾಗಿ ವಿಂಗಡಿಸಲಾಗಿತ್ತು. ಪ್ರತಿ ಆವರಣದೊಳಗೂ ಕಮ್ಯುನಿಸ್ಟ್ ವಿರೋಧಿ ನಾಯಕರ ಬಿಗಿಹಿಡಿತ. ಅವರ ಹಿಂದೆ ಹೊರಗಿನಿಂದ ದಕ್ಷಿಣ ಕೊರಿಯಾದ, ತೈವಾನಿನ ಚಿಯಾಂಗ್ ಸರ್ಕಾರದ ಪ್ರೋತ್ಸಾಹ. ಊರಿಗೆ ಹೋಗಬೇಕೆನ್ನುವವನು ಅದನ್ನು ಬಾಯಿಬಿಟ್ಟು ಹೇಳಿದರೆ ಬದುಕುವ ಭರವಸೆ ಇರಲಿಲ್ಲ. ಶಿಬಿರದೊಳಗೆ ಕೊಲೆಯೂ ನಡೆಯಿತು. ರಾತ್ರಿ ಹೊತ್ತು ಬೇಲಿ ಹಾರಿ ಬಂದು ಭಾರತೀಯ ಕಾವಲುಗಾರನ ಆಶ್ರಯ ಬೇಡಿದವರಿದ್ದರು. ಒಳಗಿದ್ದವರ ಕಣ್ಣಿಗೆ ಶತ್ರುವಿನಂತೆ ಕಾಣುತ್ತಿದ್ದ ಆ ಕಾವಲುಗಾರನೇ ಇವರ ಪಾಲಿಗೆ ಬಿಡುಗಡೆಯ ಬಾಗಿಲು.

ಸೆಪ್ಟೆಂಬರ್ ಕೊನೆಯ ವಾರದಲ್ಲಿ ಚೀನೀ ಕೈದಿಗಳು ಭಾರತೀಯ ಮೇಜರ್ ಒಬ್ಬರನ್ನು ಒಳಗೆಳೆದುಕೊಂಡು ಒತ್ತೆಯಾಗಿರಿಸಿಕೊಂಡರು. ಗುಂಡು ಹಾರಿಸಲು ಯಾವ ಸೇನಾಧಿಕಾರಿಗೂ ಇಷ್ಟು ಕಾರಣ ಸಾಕು. ಥೋರಾತ್ ಹಾಗೆ ಮಾಡಲಿಲ್ಲ. ನಿರಾಯುಧರಾಗಿ ಆ ಆವರಣದೊಳಗೆ ಹೋಗಿ, ಕೈದಿಗಳ ನಡುವೆಯೇ ನಿಂತು ಮಾತನಾಡಿ, ತಮ್ಮ ಅಧಿಕಾರಿಯನ್ನು ಬಿಡಿಸಿಕೊಂಡು ಬಂದರು. ಆದರೆ ಎಲ್ಲ ದಿನವೂ ಹಾಗಿರಲಿಲ್ಲ. ಅಕ್ಟೋಬರ್ ಮೊದಲ ಎರಡು ದಿನಗಳಲ್ಲಿ ಕೈದಿಗಳು ಬೇಲಿಯತ್ತ ನುಗ್ಗಿದಾಗ ಕಾವಲಿನವರು ಗುಂಡು ಹಾರಿಸಬೇಕಾಯಿತು, ಸಾವುಗಳಾದವು. ತಿಮ್ಮಯ್ಯನವರನ್ನು ಅಹಿಂಸೆಯ ಮೂರ್ತಿಯೆಂದು ಚಿತ್ರಿಸುವವರು ಈ ಸಾವುಗಳನ್ನು ಮರೆಯಬಾರದು. ಅವರು ಸೈನಿಕ, ಸಂತನಲ್ಲ.

ನಿಜವಾದ ಪರೀಕ್ಷೆ ಬಂದದ್ದು ವಿವರಣೆಗಳು ಆರಂಭವಾದ ಮೇಲೆ. ಅಕ್ಟೋಬರ್ 15ಕ್ಕೆ ಡೇರೆಗಳು ತೆರೆದವು. ಕೊರಿಯಾದ ಕೈದಿಗಳು ಆವರಣ ಬಿಟ್ಟು ಕದಲುವುದಿಲ್ಲ ಎಂದರು. ಅವರನ್ನು ಡೇರೆಗೆ ಕರೆತರುವುದು ಆಯೋಗದ ಕರ್ತವ್ಯ. ಬಲವಂತ ಮಾಡಬಾರದೆಂಬುದೂ ಆಯೋಗದ ಕರ್ತವ್ಯವೇ. ಬಲಪ್ರಯೋಗ ಮಾಡಿಯಾದರೂ ಎಳೆತನ್ನಿ, ಇಲ್ಲವಾದರೆ ಊರಿಗೆ ಹೋಗುವ ಆಸೆಯಿರುವವರು ಒಳಗೇ ಕೊಳೆಯುತ್ತಾರೆ ಎಂಬುದು ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾದ ವಾದ. ಬಲಪ್ರಯೋಗವಾದರೆ ನಾವು ಇರುವುದಿಲ್ಲ ಎಂಬುದು ಸ್ವೀಡನ್ ಮತ್ತು ಸ್ವಿಟ್ಜರ್‌ಲೆಂಡಿನ ನಿಲುವು. ಸೇನೆ ಒಳನುಗ್ಗಿದರೆ ನೂರಾರು ಹೆಣ ಬೀಳುವ ಸಂಭವವಿತ್ತು. ತಿಮ್ಮಯ್ಯ ಬಲಪ್ರಯೋಗಕ್ಕೆ ಒಪ್ಪಲಿಲ್ಲ. ಮನವೊಲಿಸುವ ಕೆಲಸ ದಿನಗಟ್ಟಲೆ ನಡೆಯಿತು, ಮುರಿಯಿತು, ಮತ್ತೆ ಶುರುವಾಯಿತು. ಡಿಸೆಂಬರ್ 23ಕ್ಕೆ ಅವಧಿ ಮುಗಿದಾಗ 90 ದಿನಗಳಲ್ಲಿ ಡೇರೆಗಳು ಕೆಲಸ ಮಾಡಿದ್ದು ಹತ್ತೇ ದಿನ. ವಿವರಣೆ ಕೇಳಿಸಿಕೊಂಡವರು ಮೂರು ಸಾವಿರಕ್ಕೆ ಸ್ವಲ್ಪ ಹೆಚ್ಚು. ಒಟ್ಟಾರೆ ಊರಿಗೆ ಮರಳಲು ಒಪ್ಪಿದವರು ಆರುನೂರು ಚಿಲ್ಲರೆ.

ಅಂಕಿಗಳನ್ನಷ್ಟೇ ನೋಡುವ ಲೆಕ್ಕಪರಿಶೋಧಕ ಇದನ್ನು ವಿಫಲ ಯೋಜನೆ ಎಂದು ಬರೆದುಬಿಡುತ್ತಾನೆ. ಆಗಲೂ ಎರಡೂ ಪಕ್ಷಗಳು ಹೆಚ್ಚುಕಡಿಮೆ ಹಾಗೆಯೇ ಬೈದವು. ನಾನು ತಿಮ್ಮಯ್ಯನವರ ಪಕ್ಷ. ಆದರೆ ಅವರ ನಿರ್ಧಾರಕ್ಕೆ ಬೆಲೆ ಇರಲಿಲ್ಲವೆಂದು ಹೇಳಲಾರೆ. ಆ ಆವರಣಗಳಲ್ಲಿ ತಾಯಿಯ ಮುಖ ನೋಡಬೇಕೆಂದಿದ್ದು, ಪಕ್ಕದವನ ಭಯದಿಂದ ತುಟಿ ಬಿಚ್ಚದೆ ಉಳಿದವರು ಖಂಡಿತ ಇದ್ದರು. ಅವರನ್ನು ತಲುಪಲು ಆಗಲಿಲ್ಲ. ಶಿಬಿರಗಳೊಳಗೆ ಮುಕ್ತ ಆಯ್ಕೆಗೆ ಅವಕಾಶವಿರಲಿಲ್ಲವೆಂಬುದನ್ನು ಆಯೋಗದ ವರದಿಯಲ್ಲಿ ಮುಚ್ಚಿಡಲಿಲ್ಲ. ತಾನು ಕಾದ ಬೇಲಿಯೊಳಗೆ ತನ್ನ ಕಾನೂನು ನಡೆಯಲಿಲ್ಲ ಎಂದು ಒಪ್ಪಿಕೊಳ್ಳುವುದು ಯಾವ ಅಧಿಕಾರಿಗೂ ಸುಲಭವಲ್ಲ.

ಇಲ್ಲಿ ನನ್ನದೊಂದು ಮಾತು ಹೇಳಬೇಕು. ಕೊಲ್ಲಿ ಬಿಕ್ಕಟ್ಟಿನಿಂದ ಸೀಮೆಎಣ್ಣೆಗೆ ತತ್ವಾರವಾಗಿದ್ದ 1990ರ ಕೊನೆಯ ತಿಂಗಳುಗಳಲ್ಲಿ ನಾನು ಉಪವಿಭಾಗವೊಂದರ ದಂಡಾಧಿಕಾರಿ. ಒಂದು ತಾಲ್ಲೂಕು ಕೇಂದ್ರದಲ್ಲಿ ಬೆಳಗಿನಿಂದ ಸಾಲುಗಟ್ಟಿ ನಿಂತಿದ್ದ ಜನ ಮಧ್ಯಾಹ್ನದ ಹೊತ್ತಿಗೆ ತಾಳ್ಮೆ ಕಳೆದುಕೊಂಡು ಪೀಪಾಯಿಗಳತ್ತ ನುಗ್ಗಿದರು. ಲಾಠಿಪ್ರಹಾರಕ್ಕೆ ಅನುಮತಿ ಕೇಳಿದ ಪೊಲೀಸ್ ಅಧಿಕಾರಿಗೆ ನಾನು ಹೂಂಗುಟ್ಟಿದೆ. ಐದು ನಿಮಿಷದಲ್ಲಿ ಬೀದಿ ಖಾಲಿ. ಉಳಿದದ್ದು ಬಿದ್ದಿದ್ದ ಡಬ್ಬಗಳು, ಬಿಟ್ಟುಹೋದ ಚಪ್ಪಲಿಗಳು ಮತ್ತು ಕೈ ಮುರಿದುಕೊಂಡು ಕೂತಿದ್ದ ಒಬ್ಬ ಮುದುಕಿ. ಪೀಪಾಯಿಗಳಲ್ಲಿ ಎಣ್ಣೆ ಇನ್ನೂ ಅರ್ಧಕ್ಕಿಂತ ಹೆಚ್ಚಿತ್ತು. ಕೊಳ್ಳುವವರು ಮಾತ್ರ ಯಾರೂ ಇರಲಿಲ್ಲ. ಶಾಂತಿ ಪಾಲನೆಯಾಯಿತೆಂದು ನಾನು ಬರೆದ ವರದಿಗೆ ಮೇಲಿನಿಂದ ಯಾವ ಆಕ್ಷೇಪಣೆಯೂ ಬರಲಿಲ್ಲ. ಜನ ಎಣ್ಣೆಗಾಗಿ ಬಂದಿದ್ದರು, ನಾನು ಅಲ್ಲಿದ್ದುದು ಎಣ್ಣೆ ಕೊಡಿಸಲು ಎಂಬುದು ಆ ವರದಿಯಲ್ಲಿ ಎಲ್ಲಿಯೂ ಇರಲಿಲ್ಲ. ತಿಮ್ಮಯ್ಯನವರ ಕೊರಿಯಾ ಅಧ್ಯಾಯವನ್ನು ವಿವರವಾಗಿ ಓದಿದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. ಓದುವಾಗ ಆ ಚಪ್ಪಲಿಗಳೇ ಕಣ್ಣ ಮುಂದೆ ಬಂದವು.

ಹಿಂದ್ ನಗರದಲ್ಲಿ ಕಾವಲು ಮಾತ್ರ ನಡೆಯುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. 1950ರಿಂದಲೇ ಕೊರಿಯಾದಲ್ಲಿದ್ದ ನಮ್ಮ 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್‌ನ ವೈದ್ಯರು ಕೈದಿಗಳ ಚಿಕಿತ್ಸೆಗೆ ನಿಂತರು. ತಮಗೆ ಕಲ್ಲು ಬೀರಿದವರ ಗಾಯವನ್ನೇ ಕಟ್ಟುವ ಸೇವೆ ಅದು. ಕೊರಿಯಾದ ಚಳಿಗಾಲ ಗೊತ್ತಿಲ್ಲದ ಬಯಲುಸೀಮೆಯ ಹುಡುಗರು ಹಿಮದಲ್ಲಿ ಪಹರೆ ತಿರುಗಿದರು.

1954ರ ಜನವರಿಯಲ್ಲಿ ಮತ್ತೊಂದು ಇಕ್ಕಟ್ಟು ಎದುರಾಯಿತು. 120 ದಿನಗಳ ಗಡುವು ತೀರುತ್ತಿತ್ತು. ಉಳಿದ ಕೈದಿಗಳ ಭವಿಷ್ಯವನ್ನು ನಿರ್ಧರಿಸಬೇಕಿದ್ದ ರಾಜಕೀಯ ಸಮ್ಮೇಳನ ನಡೆಯಲೇ ಇಲ್ಲ. ಬಿಡುಗಡೆ ಮಾಡಿ ಎಂದು ಒಂದು ಪಕ್ಷ, ಇನ್ನೂ ಹಿಡಿದಿಡಿ ಎಂದು ಇನ್ನೊಂದು ಪಕ್ಷ. ತಿಮ್ಮಯ್ಯ ಎರಡನ್ನೂ ಮಾಡಲಿಲ್ಲ. ಒಪ್ಪಂದದ ವಿಧಿಗಳು ಪೂರ್ಣಗೊಳ್ಳದೆ ಬಿಡುಗಡೆ ಘೋಷಿಸುವ ಅಧಿಕಾರ ತಮಗಿಲ್ಲ, ಗಡುವು ಮೀರಿ ಹಿಡಿದಿಡುವ ಅಧಿಕಾರವೂ ಇಲ್ಲ. ಆದ್ದರಿಂದ ಯಾರಿಂದ ಪಡೆದೆವೋ ಅವರಿಗೇ ಒಪ್ಪಿಸುತ್ತೇವೆ ಎಂಬುದು ಅವರ ನಿಲುವು. ಗುಮಾಸ್ತಗಿರಿಯ ತರ್ಕದಂತೆ ಕಾಣಬಹುದು. ಫೈಲುಗಳ ನಡುವೆ ಬದುಕಿದ ನನಗೆ ಅದು ತನ್ನ ಅಧಿಕಾರದ ಗೆರೆ ಎಲ್ಲಿದೆಯೆಂದು ಬಲ್ಲವನ ತರ್ಕವಾಗಿ ಕಂಡಿತು. ಜನವರಿ 20 ಮತ್ತು 21ರಂದು ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಕೈದಿಗಳು ಸಾಲಾಗಿ ದಕ್ಷಿಣಕ್ಕೆ ನಡೆದುಹೋದರು. ವಿಶ್ವಸಂಸ್ಥೆಯ ಪಡೆ ಅವರನ್ನು ಸ್ವತಂತ್ರರೆಂದು ಘೋಷಿಸಿತು. ಭಾರೀ ರಕ್ತಪಾತವಾಗುವುದೆಂಬ ಆತಂಕ ಸುಳ್ಳಾಯಿತು. ಎರಡೂ ಬಣಗಳು ಬೇಡವೆಂದ ಎಂಬತ್ತಕ್ಕೂ ಹೆಚ್ಚು ಕೈದಿಗಳು ಭಾರತೀಯ ಪಡೆಯ ಜೊತೆ ಹಡಗು ಹತ್ತಿ ಮದರಾಸಿಗೆ ಬಂದರು. ತಮ್ಮನ್ನು ಕಾದವರ ದೇಶವನ್ನೇ ಆಸರೆಯಾಗಿ ಆರಿಸಿಕೊಂಡವರು ಅವರು. ಮುಂದೆ ಅವರಲ್ಲಿ ಹಲವರು ದಕ್ಷಿಣ ಅಮೆರಿಕದ ದೇಶಗಳಿಗೆ ತೆರಳಿದರು. ಅದೇ ವರ್ಷ ತಿಮ್ಮಯ್ಯನವರಿಗೆ ಪದ್ಮಭೂಷಣ ಸಂದಿತು.

1957ರಿಂದ 1961ರವರೆಗಿನ ಸೇನಾ ಮುಖ್ಯಸ್ಥರ ಅವಧಿಯನ್ನು ಇಲ್ಲಿ ದಾಟಿಬಿಡುತ್ತೇನೆ. ನಿವೃತ್ತಿಯ ನಂತರ ಕೊಡಗಿನ ಕಾಫಿ ತೋಟದ ನೆರಳಿನಲ್ಲಿ ನೆಮ್ಮದಿಯಾಗಿರಬಹುದಿತ್ತು. ಆದರೆ 1964ರಲ್ಲಿ ವಿಶ್ವಸಂಸ್ಥೆ ಅವರನ್ನು ಸೈಪ್ರಸ್‌ಗೆ ಕರೆಯಿತು. ಗ್ರೀಕ್ ಮತ್ತು ತುರ್ಕಿ ಸಮುದಾಯಗಳು ಪರಸ್ಪರ ಬಂದೂಕು ಹಿಡಿದಿದ್ದ ಆ ಪುಟ್ಟ ದ್ವೀಪದಲ್ಲಿ ಶಾಂತಿಪಾಲನಾ ಪಡೆ ಸ್ಥಾಪನೆಯಾದದ್ದು ಅದೇ ವರ್ಷದ ಮಾರ್ಚ್‌ನಲ್ಲಿ. ಮೊದಲ ದಂಡನಾಯಕ ಭಾರತದವರೇ ಆದ ಲೆಫ್ಟಿನೆಂಟ್ ಜನರಲ್ ಗ್ಯಾನಿ. ಅವರ ನಂತರ ತಿಮ್ಮಯ್ಯ.

ಸೈಪ್ರಸ್ ಪಡೆಯ ಕರ್ತವ್ಯಪಟ್ಟಿ ನಮ್ಮ ತಹಶೀಲ್ದಾರರ ಕರ್ತವ್ಯಪಟ್ಟಿಯನ್ನು ನೆನಪಿಸುತ್ತದೆ. ಗುಂಡಿನ ಚಕಮಕಿ ತಡೆಯುವುದು, ಕಾನೂನು ಸುವ್ಯವಸ್ಥೆ ಮರಳಿಸುವುದು, ಜನಜೀವನ ಸಹಜವಾಗಲು ನೆರವಾಗುವುದು. ಕೊನೆಯದರಲ್ಲಿ ಎಲ್ಲವೂ ಬಂತು: ಶತ್ರುವಿನ ಬಂದೂಕಿನ ಅಳತೆಯಲ್ಲಿರುವ ಹೊಲದಲ್ಲಿ ಫಸಲು ಕೊಯ್ಯುವ ರೈತನಿಗೆ ಕಾವಲು, ಎದುರು ಸಮುದಾಯದ ಊರಿನ ಮೂಲಕ ಹರಿಯುವ ನೀರು, ಅಂಚೆ, ವಿದ್ಯುತ್ತು. ಸೈನಿಕರ ಜೊತೆಗೆ ಆಸ್ಟ್ರೇಲಿಯಾ, ಆಸ್ಟ್ರಿಯಾ, ಡೆನ್ಮಾರ್ಕ್, ನ್ಯೂಜಿಲೆಂಡ್, ಸ್ವೀಡನ್‌ಗಳ ನಾಗರಿಕ ಪೊಲೀಸರೂ ಅಲ್ಲಿದ್ದರು. 1964ರ ಆಗಸ್ಟ್‌ನಲ್ಲಿ ಕೊಕ್ಕಿನಾ ಪ್ರದೇಶದ ಕದನ ದ್ವೀಪವನ್ನು ಪೂರ್ಣ ಯುದ್ಧದ ಅಂಚಿಗೆ ಒಯ್ದಿತು. ತುರ್ಕಿಯ ವಿಮಾನಗಳು ಬಾಂಬು ಹಾಕಿದವು. ಅದು ತಣ್ಣಗಾದ ಮೇಲೆ ಮತ್ತೆ ಅದೇ ಹಿಟ್ಟು, ಔಷಧಿ, ರಸ್ತೆಗಳ ಪ್ರಶ್ನೆ.

ರಸ್ತೆಗಳಲ್ಲೊಂದು ರಾಜಧಾನಿ ನಿಕೋಸಿಯಾದಿಂದ ಉತ್ತರ ತೀರದ ಕೈರೀನಿಯಾಕ್ಕೆ ಹೋಗುವುದು. ಅದು ತುರ್ಕಿ ಸಮುದಾಯದ ಹಿಡಿತದಲ್ಲಿದ್ದ ಪ್ರದೇಶದ ಮೂಲಕ ಹಾಯುತ್ತಿತ್ತು. ಗ್ರೀಕ್ ಸಮುದಾಯದವರಿಗೆ ಮುಚ್ಚಿಹೋಗಿದ್ದ ಆ ದಾರಿ 1964ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ನಿಯಂತ್ರಣಕ್ಕೆ ಬಂತು. ದಿನಕ್ಕೆ ಎರಡು ಸಲ, ಗೊತ್ತಾದ ವೇಳೆಗೆ, ಸೈನಿಕರ ಬೆಂಗಾವಲಿನಲ್ಲಿ ನಾಗರಿಕರ ವಾಹನಗಳು ಸಾಲಾಗಿ ಹೊರಡತೊಡಗಿದವು. ಇದರಿಂದ ಸೈಪ್ರಸ್ ಸಮಸ್ಯೆ ಬಗೆಹರಿಯಲಿಲ್ಲ, ನಿಜ. ಆದರೆ ಅಂಗಡಿಯವನು ಅಂಗಡಿಗೆ, ಮಗಳು ತವರಿಗೆ ಹೋಗಿ ಬರುವಂತಾಯಿತು.

1965ರ ನವೆಂಬರ್‌ನಲ್ಲಿ ಫಾಮಗುಸ್ತಾದಲ್ಲಿ ಮತ್ತೆ ಘರ್ಷಣೆಯಾಯಿತು. ಅದನ್ನು ತಹಬಂದಿಗೆ ತರುವಷ್ಟರಲ್ಲಿ ದಣಿದಿದ್ದ ತಿಮ್ಮಯ್ಯನವರು ಡಿಸೆಂಬರ್ 18ರಂದು ಹೃದಯಾಘಾತದಿಂದ ಸೈಪ್ರಸ್‌ನಲ್ಲೇ ತೀರಿಕೊಂಡರು. ಆಗ ಅವರಿಗೆ 59 ವರ್ಷ. ಪಾರ್ಥಿವ ಶರೀರ ಬೆಂಗಳೂರಿಗೆ ಬಂದು ಇಲ್ಲಿಯ ಮಣ್ಣಿಗೆ ಸೇರಿತು. ಮರುವರ್ಷ ಸೈಪ್ರಸ್ ಸರ್ಕಾರ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು. ಬೆಂಗಳೂರಿನ ರಿಚ್ಮಂಡ್ ರಸ್ತೆಗೆ ಅವರ ಹೆಸರಿಟ್ಟರು. ಜನ ಈಗಲೂ ಹಳೆಯ ಹೆಸರನ್ನೇ ಹೇಳುತ್ತಾರೆ. ಮಡಿಕೇರಿಯ ಅವರ ಸನ್ನಿಸೈಡ್ ಮನೆ 2021ರಲ್ಲಿ ಸಂಗ್ರಹಾಲಯವಾಯಿತು. ಕೈರೀನಿಯಾ ರಸ್ತೆಯ ಬೆಂಗಾವಲು ಮಾತ್ರ ಅವರು ಹೋದ ನಂತರವೂ ವರ್ಷಗಳ ಕಾಲ ದಿನಕ್ಕೆರಡು ಬಾರಿ ಹೊರಡುತ್ತಲೇ ಇತ್ತು.